ತಡೆಗೋಡೆಯ ಸ್ಥಿರತೆಯ ವರದಿಯನ್ನು ಹಿಂಪಡೆದು ಮರುತಪಾಸಣೆ ನಡೆಸಲು ಕೋರಿ ದೂರು

ಇವರಿಗೆ,
ವ್ಯವಸ್ಥಾಪಕರು,
ತಡೆಗೋಡೆ ತಪಾಸಣೆ ನಡೆಸಿದ ಸಲಹಾ ಸಂಸ್ಥೆ

ವಿಷಯ: ಹೊಸ ಮನೆಯ ನಿರ್ಮಾಣಕ್ಕೆ ಮುನ್ನ ನೀವು ನೀಡಿದ ತಡೆಗೋಡೆಯ ಸ್ಥಿರತಾ ವರದಿಯಲ್ಲಿನ ಲೋಪಗಳ ಕುರಿತು.

ಮಾನ್ಯರೇ,

ನಮ್ಮ ನಿವೇಶನದ ತಗ್ಗಿನ ಅಂಚಿನಲ್ಲಿರುವ 3 ಮೀಟರ್ ಎತ್ತರದ ಹಳೆಯ ಕಲ್ಲಿನ ತಡೆಗೋಡೆಯ ಹಿಂದೆ ಎರಡಂತಸ್ತಿನ ಮನೆ ಕಟ್ಟಬಹುದೇ ಎಂಬ ಒಂದೇ ಪ್ರಶ್ನೆ ಮುಂದಿಟ್ಟು ನಾನು ತಪಾಸಣೆಯ ಕೆಲಸವನ್ನು ನಿಮಗೆ ಒಪ್ಪಿಸಿದ್ದೆ. ನಿಮ್ಮ ವರದಿಯ ಕೊನೆಯ ಪುಟದಲ್ಲಿ ‘ಗೋಡೆಯು ಸದ್ಯ ಸ್ಥಿರವಾಗಿದೆ, ನಿರ್ಮಾಣಕ್ಕೆ ಅಡ್ಡಿಯಿಲ್ಲ’ ಎಂದಿದೆ. ಮೊದಲಿನ ಮಾತಿನಿಂದ ಎರಡನೆಯ ಮಾತಿಗೆ ನೀವು ಹೇಗೆ ಬಂದಿರಿ ಎಂಬುದು ವರದಿಯನ್ನು ಮೂರು ಸಲ ಓದಿದರೂ ನನಗೆ ತಿಳಿಯಲಿಲ್ಲ. ಗೋಡೆ ಈಗ ನಿಂತಿದೆ ಎಂಬುದು ನನ್ನ ಕಣ್ಣಿಗೂ ಕಾಣುತ್ತದೆ. ಅದನ್ನು ಹೇಳಿಸಿಕೊಳ್ಳಲು ಶುಲ್ಕ ಕಟ್ಟಿರಲಿಲ್ಲ.

ನಿಮ್ಮ ಲೆಕ್ಕದಲ್ಲಿ ಹಿಂಬದಿಯ ಮಣ್ಣಿನ ಘರ್ಷಣ ಕೋನವನ್ನು (ಮಣ್ಣು ಜಾರದೆ ತನ್ನನ್ನು ತಾನು ಹಿಡಿದುಕೊಳ್ಳುವ ಶಕ್ತಿಯ ಅಳತೆ) 30 ಡಿಗ್ರಿ, ತೂಕವನ್ನು ಘನ ಮೀಟರಿಗೆ 18 ಕಿಲೋನ್ಯೂಟನ್ (ಒಂದು ಕಿಲೋನ್ಯೂಟನ್ ಎಂದರೆ ಸುಮಾರು 100 ಕಿಲೋ ತೂಕದಷ್ಟು ಬಲ) ಎಂದು ಹಿಡಿದು, ಮಣ್ಣು ಗೋಡೆಯನ್ನು ತಳ್ಳುವ ಬಲವನ್ನು ಲೆಕ್ಕ ಹಾಕುವ ರಾಂಕಿನ್ ಸೂತ್ರದ ಪ್ರಕಾರ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ 27 ಕಿಲೋನ್ಯೂಟನ್ ಒತ್ತಡ ಬರುತ್ತದೆಂದು ತೋರಿಸಿದ್ದೀರಿ. ಜಾರುವಿಕೆಯ ವಿರುದ್ಧ ಸುರಕ್ಷತಾ ಗುಣಾಂಕ, ಅಂದರೆ ತಡೆಯುವ ಬಲ ತಳ್ಳುವ ಬಲದ ಎಷ್ಟು ಪಟ್ಟು ಎಂಬುದು, 1.6 ಇರುವುದರಿಂದ, ವಾಡಿಕೆಯಲ್ಲಿ ಬೇಕಾದ 1.5ಕ್ಕಿಂತ ಅದು ಹೆಚ್ಚೇ ಇದೆ ಎಂಬುದು ನಿಮ್ಮ ತೀರ್ಮಾನ. ನಾನು ಇಂಜಿನಿಯರ್ ಅಲ್ಲ, ಆದರೆ ನಿಮ್ಮ ಅಂಕಿಗಳನ್ನೇ ಹಿಡಿದು ಗುಣಿಸಿ ನೋಡುವಷ್ಟು ಲೆಕ್ಕ ಬಲ್ಲೆ. ಹಿಂದಿನ ನೆಲದ ಮೇಲೆ ಚದರ ಮೀಟರಿಗೆ 10 ಕಿಲೋನ್ಯೂಟನ್‌ನಷ್ಟು ಭಾರ ಬಿದ್ದರೂ ಒತ್ತಡ 37ಕ್ಕೆ ಏರಿ, ಗುಣಾಂಕ 1.2ಕ್ಕಿಂತ ಕೆಳಗಿಳಿಯುತ್ತದೆ. ಅಲ್ಲದೆ ಈ ಹೆಚ್ಚುವರಿ ಒತ್ತಡ ಮಣ್ಣಿನ ಒತ್ತಡದಂತೆ ಎತ್ತರದ ಮೂರನೇ ಒಂದು ಭಾಗದಲ್ಲಿ ಅಲ್ಲ, ಗೋಡೆಯ ಅರ್ಧ ಎತ್ತರದಲ್ಲಿ ತಳ್ಳುವುದರಿಂದ, ಗೋಡೆಯನ್ನು ಉರುಳಿಸುವ ಬಲವಾಗಿ ಇನ್ನೂ ಕೆಟ್ಟದ್ದು. ಮನೆಯ ಭಾರವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಮನೆ ಕಟ್ಟಲು ಅಡ್ಡಿಯಿಲ್ಲ ಎಂದು ಸಹಿ ಹಾಕಿರುವುದು ನನ್ನ ಮೊದಲ ದೂರು.

ಎರಡನೆಯದು ನೀರಿನದು, ಮತ್ತು ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಗಂಭೀರವಾದದ್ದು. ಗೋಡೆಯ ಮುಖದಲ್ಲಿ ನೀರು ಹೊರಹೋಗಲೆಂದು ಬಿಟ್ಟಿರುವ 14 ತೂತುಗಳಿವೆ; ವರದಿಯಲ್ಲಿ ಅವುಗಳನ್ನು ಎಣಿಸಿ ‘ಒಳಚರಂಡಿ ವ್ಯವಸ್ಥೆ ಇದೆ’ ಎಂದು ಬರೆದಿದ್ದೀರಿ. ಜೋರು ಮಳೆ ಬಂದ ಮರುದಿನ ಬೆಳಿಗ್ಗೆ ನಾನು ಹೋಗಿ ನೋಡಿದಾಗ ಮೂರರಲ್ಲಿ ಮಾತ್ರ ನೀರು ಜಿನುಗುತ್ತಿತ್ತು. ಉಳಿದವುಗಳಿಗೆ ದಪ್ಪ ತಂತಿ ತೂರಿಸಿದರೆ ನಾಲ್ಕು ಬೆರಳಿನಷ್ಟು ಒಳಹೋಗಿ ನಿಂತುಬಿಟ್ಟಿತು. ಹೊರಗೆಳೆದಾಗ ತುದಿಯಲ್ಲಿ ಜೇಡಿಮಣ್ಣು ಮತ್ತು ಬೇರಿನ ಎಳೆಗಳು ಅಂಟಿದ್ದವು. ತೂತುಗಳು ಒಣಗಿದ್ದರೂ ಅವುಗಳ ಪಕ್ಕದ ಕಲ್ಲಿನ ಸಂದುಗಳು ಒದ್ದೆಯಾಗಿದ್ದವು, ಗಾರೆಯ ಮೇಲೆ ಬಿಳಿ ಉಪ್ಪಿನ ಗೆರೆ ಮೂಡಿತ್ತು. ಗೋಡೆಯ ಹಿಂದೆ ನೀರು ಮೇಲಿನವರೆಗೂ ನಿಂತರೆ, ನೀರೊಂದೇ ಪ್ರತಿ ಮೀಟರಿಗೆ ಸುಮಾರು 44 ಕಿಲೋನ್ಯೂಟನ್ ಬಲದಿಂದ ತಳ್ಳುತ್ತದೆ. ಮುಳುಗಿದ ಮಣ್ಣಿನ ಒತ್ತಡ ಸೇರಿ ಮೊತ್ತ 56 ದಾಟುತ್ತದೆ, ಅಂದರೆ ನೀವು ಹಿಡಿದದ್ದರ ಎರಡು ಪಟ್ಟು. ಆಗ ಗುಣಾಂಕ 1ಕ್ಕಿಂತ ಕಡಿಮೆ, ಮನೆಯ ಭಾರ ಇನ್ನೂ ಸೇರದೆಯೇ. ನಿಮ್ಮವರು ಬಂದದ್ದು ಬಿಸಿಲಿನ ಮಧ್ಯಾಹ್ನ, ಇದ್ದದ್ದು ಅರ್ಧ ಗಂಟೆ, ನೋಡಿದ್ದು ಗೋಡೆಯ ಮುಂಭಾಗ ಮಾತ್ರ.

ಹಿಂಭಾಗಕ್ಕೆ ಹೋಗಿದ್ದರೆ ಇನ್ನೊಂದು ಸಂಗತಿ ಕಾಣುತ್ತಿತ್ತು. ಗೋಡೆಯಿಂದ ಸುಮಾರು 1.6 ಮೀಟರ್ ಹಿಂದೆ, ಹುಲ್ಲಿನ ಮರೆಯಲ್ಲಿ, ಗೋಡೆಗೆ ಸಮಾನಾಂತರವಾಗಿ ನೆಲ ಬಿರಿದಿದೆ. ಕಿರುಬೆರಳು ಸಲೀಸಾಗಿ ಒಳಹೋಗುತ್ತದೆ. ನಿಮ್ಮ 30 ಡಿಗ್ರಿಯ ಲೆಕ್ಕದ ಪ್ರಕಾರವೇ ಗೋಡೆಯ ಹಿಂದೆ ಜಾರಲು ಸಿದ್ಧವಾಗುವ, ಬೆಣೆಯಾಕಾರದ ಮಣ್ಣಿನ ಭಾಗ ನೆಲಮಟ್ಟದಲ್ಲಿ 1.7 ಮೀಟರಿನವರೆಗೆ ಚಾಚುತ್ತದೆ. ಇವೆರಡೂ ಇಷ್ಟು ಹತ್ತಿರವಿರುವುದು ಕಾಕತಾಳೀಯವೇ ಆಗಿರಬಹುದು, ಆದರೆ ಹಾಗೆಂದು ಹೇಳಬೇಕಾದವರು ಪರೀಕ್ಷಿಸಿದ ನಂತರ ನೀವು, ಊಹಿಸಿ ನಾನಲ್ಲ. ಗೋಡೆಯ ತಲೆಯಿಂದ ತೂಕದ ಗುಂಡು ಇಳಿಬಿಟ್ಟಾಗ ದಾರ ಬುಡದಲ್ಲಿ ಗೋಡೆಯಿಂದ 38 ಮಿಲಿಮೀಟರ್ ದೂರ ನಿಂತಿತು. ಈ ವಾಲಿಕೆ ಹಳೆಯದೋ, ಈಗಲೂ ಮುಂದುವರಿದಿದೆಯೋ ಎಂಬುದು ಗುರುತು ಹಾಕಿ ಕೆಲವು ತಿಂಗಳು ಅಳೆದರೆ ಮಾತ್ರ ತಿಳಿಯುತ್ತದೆ. ವರದಿಯಲ್ಲಿ ವಾಲಿಕೆಯ ಉಲ್ಲೇಖವೇ ಇಲ್ಲ.

ಅಡಿಪಾಯದ ಅಗಲ 1.5 ಮೀಟರ್ ಎಂದು ಬರೆದಿದ್ದೀರಿ. ಎಲ್ಲಿಯೂ ಒಂದು ಗುಂಡಿ ತೋಡದೆ ಈ ಅಳತೆ ಹೇಗೆ ದೊರೆಯಿತು? ಉರುಳುವಿಕೆಯ ಲೆಕ್ಕವೂ ತಳದ ಮಣ್ಣಿನ ಮೇಲೆ ಬೀಳುವ ಒತ್ತಡದ ಲೆಕ್ಕವೂ ಈ ಒಂದು ಅಂಕಿಯ ಮೇಲೆ ನಿಂತಿರುವುದರಿಂದ, ಅದು ಊಹೆಯಾಗಿದ್ದಲ್ಲಿ ಊಹೆ ಎಂದೇ ಬರೆಯಬೇಕಿತ್ತು.

ಆದ್ದರಿಂದ ಈ ವರದಿಯನ್ನು ಲಿಖಿತವಾಗಿ ಹಿಂಪಡೆದು, ಗೋಡೆಯ ಬುಡದಲ್ಲಿ ಗುಂಡಿ ತೋಡಿ ಪಾಯವನ್ನು ಅಳೆದು, ಹಿಂದಿನ ಮಣ್ಣಿನ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಮನೆಯ ಭಾರ, ನಿಂತ ನೀರು ಹಾಗೂ ಪಾಯ ಅಗೆಯುವ ಹಂತ ಈ ಮೂರನ್ನೂ ಸೇರಿಸಿ ಹೊಸ ಲೆಕ್ಕವನ್ನು ಹೆಚ್ಚುವರಿ ಶುಲ್ಕವಿಲ್ಲದೆ ಮಾಡಿಕೊಡಬೇಕೆಂದು ಕೋರುತ್ತೇನೆ. ಗೋಡೆ ಸಾಲದು ಎಂಬ ಉತ್ತರ ಬಂದರೆ ನನಗೆ ಬೇಸರವಿಲ್ಲ; ಮನೆಯನ್ನು ಹಿಂದೆ ಸರಿಸುವುದೋ, ಗೋಡೆಯನ್ನು ಬಲಪಡಿಸುವುದೋ ಆಗ ನಿರ್ಧರಿಸಬಹುದು. 15 ದಿನಗಳೊಳಗೆ ನಿಮ್ಮ ಉತ್ತರ ಬಾರದಿದ್ದಲ್ಲಿ ಪಾವತಿಸಿದ ಶುಲ್ಕವನ್ನು ಪೂರ್ತಿ ಹಿಂದಿರುಗಿಸಬೇಕು. ಅದೂ ಆಗದಿದ್ದರೆ ಗ್ರಾಹಕರ ದೂರುಗಳನ್ನು ಆಲಿಸುವ ವೇದಿಕೆಯ ಮೊರೆಹೋಗುವುದು ನನಗೆ ಅನಿವಾರ್ಯ.

ಸದ್ಯಕ್ಕೆ ಕೆಲಸ ನಿಲ್ಲಿಸಿದ್ದೇನೆ. ಗೋಡೆಯ ಹಿಂದೆ ರಾಶಿ ಹಾಕಿದ್ದ ಇಟ್ಟಿಗೆ, ಮರಳನ್ನು ದೂರಕ್ಕೆ ಸಾಗಿಸಿ, ತಗ್ಗಿನ ಮನೆಯವರಿಗೆ ಮಳೆಯ ಹೊತ್ತಿನಲ್ಲಿ ಗೋಡೆಯ ಕಡೆ ಹೋಗದಿರುವಂತೆ ತಿಳಿಸಿದ್ದೇನೆ. ಬಿರುಕಿನ ಮತ್ತು ತೂತುಗಳ ಛಾಯಾಚಿತ್ರಗಳನ್ನು, ನನ್ನ ಅಳತೆಗಳ ಪಟ್ಟಿಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ವಿಶ್ವಾಸಿ,
ನಿವೇಶನದ ಮಾಲೀಕ