ಫೋನ್ ಎತ್ತದ ಮಗಳಿಗೆ

ಪುಟ್ಟಿ,

ಸೋಮವಾರ ಮೈಸೂರು ಬಸ್ ಹತ್ತಿದವಳು ಅಮ್ಮನ ಹತ್ತಿರ ಮಾತ್ರ ಮಾತಾಡುತ್ತಿದ್ದೀಯ. ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡೋಕಾಗಲ್ಲ, ಅಲ್ವಾ?

ಪಿಎಚ್‌ಡಿ ಬೇಡ ಅಂತ ನಾನು ಹೇಳಲಿಲ್ಲ. ಮಕ್ಕಳಲ್ಲಿ ಸಹಾನುಭೂತಿ ಹೇಗೆ ಬೆಳೆಯುತ್ತದೆ ಅಂತ ಧಾರಾಳವಾಗಿ ಓದು. ಆದರೆ ಗುಡ್ಡ ಜರಿದು ಮನೆ ಕಳೆದುಕೊಂಡವರ ಮಕ್ಕಳೇ ಬೇಕಾ, ಅದೂ ಮಳೆಗಾಲದಲ್ಲೇ ಬರಬೇಕಾ ಅಂತ ಕೇಳಿದೆ. ಕೇಳಿದ ದನಿ ಜೋರಾಯ್ತು. ದನಿಗೆ ಸಾರಿ. ಪ್ರಶ್ನೆಗಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಜರಿದದ್ದು ನನಗಿನ್ನೂ ಮರೆತುಹೋಗಿಲ್ಲ. ನಮ್ಮ ಶಾಲೆಯಲ್ಲೇ ಪರಿಹಾರ ಕೇಂದ್ರ, ನನಗೆ ಅಲ್ಲೇ ಡ್ಯೂಟಿ. ನೀನು ಫಸ್ಟ್ ಪಿಯುಸಿ. ಕಂಬಳಿ ಹಂಚೋಕೆ ಅಂತ ಬಂದವಳು ಮಕ್ಕಂದೂರು ಕಡೆಯ ಆ ಪುಟ್ಟ ಹುಡುಗಿಯ ಪಕ್ಕ ಕೂತುಬಿಟ್ಟೆ. ಅದು ಅಳುತ್ತಲೂ ಇರಲಿಲ್ಲ. ಸಂಜೆ ಅದರ ಕೈ ಹಿಡಿದು ನಮ್ಮ ಮನೆಗೆ ಹೊರಟಿದ್ದೆ, ಅಮ್ಮನ ಹತ್ತಿರ ಮಲಗಿಸ್ತೀನಿ ಅಂತ. ಅದರ ತಾಯಿ ಅಲ್ಲೇ ಇದ್ದಳು!

ಆಮೇಲೆ ಆ ಚೀಲ. ಮಳೆ ಜೋರಾದ ರಾತ್ರಿಯೆಲ್ಲ ನೀನು ಎರಡು ಜೊತೆ ಬಟ್ಟೆ, ಮಾರ್ಕ್ಸ್ ಕಾರ್ಡು, ಟಾರ್ಚು ತುಂಬಿ ಬಾಗಿಲ ಹತ್ತಿರ ಇಡುತ್ತಿದ್ದೆ. ಶೂ ಹಾಕಿಕೊಂಡೇ ಮಲಗುತ್ತಿದ್ದೆ. ನಮ್ಮ ಮನೆ ಇರೋದು ಸಮತಟ್ಟಿನಲ್ಲಿ. ಹಿಂದೆ ಗುಡ್ಡದ ಬರೆ ಇಲ್ಲ, ಮುಂದೆ ಹೊಳೆ ಇಲ್ಲ. ಎಷ್ಟು ಸಲ ಹೇಳಿದೆ. ನೀನು ತಲೆ ಆಡಿಸುತ್ತಿದ್ದೆ, ಚೀಲ ಮಾತ್ರ ತೆಗೆಯುತ್ತಿರಲಿಲ್ಲ. ಆ ಭಯ ನಿನ್ನದಲ್ಲ ಪುಟ್ಟಿ, ಆ ಹುಡುಗಿಯದು. ಅದನ್ನು ನೀನು ಮನೆಗೆ ತಂದುಕೊಂಡಿದ್ದೆ. ಮುಂದಿನ ಮಳೆಗಾಲಕ್ಕೂ ಚೀಲ ಅಲ್ಲೇ ಇತ್ತು. ರಾತ್ರಿ ಎದ್ದಾಗಲೆಲ್ಲ ನಾನು ಅದನ್ನು ನೋಡುತ್ತಿದ್ದೆ. ನೋಡಿ, ಮಾತಾಡದೆ ಹೋಗಿ ಮಲಗುತ್ತಿದ್ದೆ.

ನೀನು ಮೇಜಿನ ಮೇಲೆ ಬಿಟ್ಟುಹೋದ ಪ್ರಿಂಟೌಟ್‌ಗಳನ್ನು ಓದಿದೆ. ಮೇಷ್ಟ್ರ ಚಟ. ಪೆನ್ಸಿಲ್ ಗೀಟೂ ಹಾಕಿದ್ದೇನೆ, ಬಯ್ಯಬೇಡ. ನಿನ್ನ ಮನಶ್ಶಾಸ್ತ್ರಜ್ಞ ಮಾರ್ಟಿನ್ ಹಾಫ್‌ಮನ್ ನನಗೆ ಹಿಡಿಸಿದರು. 1976ರಲ್ಲಿ ಅಬ್ರಹಾಂ ಸಾಗಿ ಜೊತೆ ಸೇರಿ, ಹುಟ್ಟಿ ಒಂದೆರಡು ದಿನದ ಕೂಸುಗಳಿಗೆ ಇನ್ನೊಂದು ಕೂಸಿನ ಅಳು ಕೇಳಿಸಿದರಂತೆ. ಇವೂ ಅತ್ತವು. ಯಂತ್ರದಲ್ಲಿ ಮಾಡಿದ ಅಳು ಕೇಳಿಸಿದರೆ ಅಷ್ಟು ಅಳಲಿಲ್ಲ. ಇನ್ನೊಂದು ಕಡೆ, ವರ್ಷ ದಾಟಿದ ಮಗುವೊಂದು ಅಳುತ್ತಿದ್ದ ಗೆಳೆಯನನ್ನು ತನ್ನ ತಾಯಿಯ ಹತ್ತಿರ ಕರೆದುಕೊಂಡು ಹೋಗುತ್ತದೆ, ಅವನ ತಾಯಿ ಅಲ್ಲೇ ಇದ್ದರೂ. ಅದನ್ನು ಓದಿ ನಕ್ಕೆ. ನಿನಗೆ ಆಗ ಹದಿನಾರು.

ಹಾಫ್‌ಮನ್ ಅವರ 1967ರ ಲೇಖನ ಮಾತ್ರ ಸ್ವಲ್ಪ ಚುಚ್ಚಿತು. ಮಕ್ಕಳನ್ನು ತಿದ್ದೋಕೆ ಮೂರು ದಾರಿಯಂತೆ. ಹೊಡೆದು ಹೆದರಿಸುವುದು. ಮುನಿಸಿಕೊಂಡು ಮಾತು ಬಿಡುವುದು. ಇಲ್ಲವೇ 'ನೋಡು, ನೀನು ತಳ್ಳಿದ್ದಕ್ಕೆ ಅವಳಿಗೆ ನೋವಾಯ್ತು' ಅಂತ ತಿಳಿಸಿ ಹೇಳುವುದು. ಏಳನೇ ಕ್ಲಾಸಿನ ಮಕ್ಕಳನ್ನು ನೋಡಿದಾಗ ಮೂರನೆಯದೇ ಗೆದ್ದಿತು, ಅದೂ ಅಮ್ಮಂದಿರು ಮಾಡಿದಾಗ. ಅಪ್ಪಂದಿರ ಶಿಸ್ತಿಗೂ ಮಕ್ಕಳ ನಡತೆಗೂ ಹೇಳಿಕೊಳ್ಳುವಂಥ ಸಂಬಂಧವೇ ಸಿಗಲಿಲ್ಲವಂತೆ! ಅಮ್ಮನಿಗೆ ಇದನ್ನು ಓದಿ ಹೇಳಬಾರದಿತ್ತು. ಇನ್ನೂ ನಗುತ್ತಿದ್ದಾಳೆ. ಎರಡನೆಯ ದಾರಿಯನ್ನು ಮಗಳು ಅಪ್ಪನ ಮೇಲೆ ಹಿಡಿದರೆ ಏನಾಗುತ್ತದೆ ಅಂತ ನೀನೇ ಬೇಕಾದರೆ ಸಂಶೋಧನೆ ಮಾಡು.

ನಾನು ಎರಡು ಗೀಟು ಹಾಕಿದ ಜಾಗ ಒಂದಿದೆ. ಇನ್ನೊಬ್ಬರ ಸಂಕಟ ಮಿತಿ ಮೀರಿ ನಮ್ಮೊಳಗೆ ಬಂದರೆ, ಗಮನ ನಮ್ಮ ಸಂಕಟದ ಕಡೆಗೇ ತಿರುಗುತ್ತದೆ. ಎದುರಿಗಿರುವವರು ಮರೆತೇ ಹೋಗುತ್ತಾರೆ. ನಾನು ಹೇಳಿದರೆ ಅಪ್ಪನ ಹಳೇ ಪುರಾಣ ಅಂತೀಯ. ಇದು ಹಾಫ್‌ಮನ್ ಹೇಳಿದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು. ಒಬ್ಬಳೇ ಊರೂರು ಸುತ್ತಬೇಡ. ನಿನ್ನ ಗೈಡ್ ಹತ್ತಿರ ಮನಸ್ಸು ಬಿಚ್ಚಿ ಮಾತಾಡು. ಮಕ್ಕಳಿಗೆ ಆ ದಿನದ ಕಥೆ ಹೇಳು ಅಂತ ಒತ್ತಾಯ ಮಾಡಬೇಡ. ಬೇಡ ಅಂದ ಮಗುವಿಗೆ ಚಾಕಲೇಟ್ ತೋರಿಸಿ ಕೂರಿಸಬೇಡ. ನೋಡು, ಮತ್ತೆ ಪಾಠ ಶುರುವಾಯ್ತು.

ಆವತ್ತು ಐದು ವರ್ಷವಿದ್ದವರು ಈಗ ಏಳನೇ ಕ್ಲಾಸು. ನೀನು ಯಾಕೆ ಅವರನ್ನೇ ಆರಿಸಿಕೊಂಡೆ ಅಂತ ಲೇಖನ ಓದಿದ ಮೇಲೆ ಹೊಳೆಯಿತು. ಇದನ್ನು ಜಗಳದ ದಿನವೇ ಹೇಳಬಹುದಿತ್ತಲ್ಲ ಮಾರಾಯ್ತಿ.

ಚಿಕ್ಕಪ್ಪ ಬಂದಿದ್ದ. ಇದನ್ನೆಲ್ಲ ಓದಿದರೆ ಕೆಲಸ ಸಿಗುತ್ತಾ ಅಂತ ಕೇಳಿದ. ನೆಟ್ ಪರೀಕ್ಷೆ ಪಾಸಾಗಿ ಸಂಶೋಧನೆಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ಬಂದಿದೆ, ತಿಂಗಳಿಗೆ 37,000 ರೂಪಾಯಿ ಅಂದೆ. ಅವನು ಸುಮ್ಮನಾದ. ಅಷ್ಟಕ್ಕೇ ಬಿಡಬೇಕಿತ್ತು. ನಾನು ಕೂಸುಗಳ ಅಳುವಿನ ಪ್ರಯೋಗವನ್ನೂ ಪೂರ್ತಿ ಹೇಳಿ, ಅವನ ಕಾಫಿ ಆರಿಹೋಯಿತು.

ಆ ದುಡ್ಡು ಖಾತೆಗೆ ಬರೋಕೆ ತಡವಾಗುತ್ತದೆ ಅಂತ ಕೇಳಿದ್ದೇನೆ. ಹಾಸ್ಟೆಲ್ ಫೀಸಿಗೆ ಕಳಿಸಿದ್ದೇನೆ, ವಾಪಸ್ ಹಾಕಬೇಡ. ಮಳೆಗಾಲದಲ್ಲಿ ಮಕ್ಕಂದೂರಿಗೆ ಹೋಗಲೇಬೇಕು ಅಂದರೆ ಜೀಪು ನಾನೇ ಓಡಿಸುತ್ತೇನೆ. ನೀನು ಮಕ್ಕಳ ಜೊತೆ ಮಾತಾಡುವಾಗ ಒಳಗೆ ಬರುವುದಿಲ್ಲ. ದಿನ ಯಾವುದು ಅಂತ ಮೊದಲೇ ತಿಳಿಸು. ಅಮ್ಮನಿಗೆ ಹೇಳಿದರೂ ಸಾಕು.

ಅಪ್ಪ