ಟಿಕೆಟ್ ಕ್ಯಾನ್ಸಲ್ ಮಾಡಬೇಡ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ರೀತಿ ನನಗೆ ಹಿಡಿಸಲಿಲ್ಲ. ನಾನು ರೇಗಿದ್ದು ನಿನಗೂ ಹಿಡಿಸಿರಲಾರದು ಬಿಡು. ನನ್ನ ಆಪರೇಷನ್ ಇದೆ, ಓದಲು ಜರ್ಮನಿಗೆ ಹೋಗುವುದಿಲ್ಲ ಅಂತ ಹಟ ಹಿಡಿದು, "ಕೆಪ್ಲರ್ ಕೂಡ ಅಮ್ಮನಿಗೋಸ್ಕರ ಎಲ್ಲ ಬಿಟ್ಟು ಹೋಗಲಿಲ್ವಾ?" ಅಂದೆಯಲ್ಲ, ಅದಕ್ಕೆ ಉತ್ತರ ಇದು. ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀಯ.

ಹೋದ, ನಿಜ. ಗ್ರಹಗಳ ಚಲನೆಯ ನಿಯಮ ಕಂಡುಹಿಡಿದ ಆ ಖಗೋಳ ವಿಜ್ಞಾನಿ ಯಾಕೆ ಹೋದ? 1615ರಲ್ಲಿ ಅವನ ಅಮ್ಮ ಕಟರೀನಾಳನ್ನು ಮಾಟಗಾತಿ ಅಂದರು. ಅವಳು ಕೊಟ್ಟದ್ದು ಕುಡಿದು ಕಾಯಿಲೆ ಬಂತು ಅಂತ ಅದೇ ಊರಿನ ಒಬ್ಬ ಹೆಂಗಸಿನ ದೂರು. 1620ರ ಆಗಸ್ಟಿನಲ್ಲಿ ಹಿಡಿದು ಒಳಗೆ ಹಾಕಿದರು. ಎಪ್ಪತ್ತು ದಾಟಿದ ಮುದುಕಿಗೆ ಸರಪಳಿ, 14 ತಿಂಗಳು. ಕೊನೆಗೆ ಕಡತ ಹೋಗಿದ್ದು ಎಲ್ಲಿಗೆ ಗೊತ್ತಾ? ನೀನು ಹೊರಟಿರುವ ಟ್ಯೂಬಿಂಗೆನ್‌ಗೇ, ಅವನು ಓದಿದ ಯೂನಿವರ್ಸಿಟಿಗೇ. ಹಿಂಸೆಯ ಸಾಮಾನು ತೋರಿಸಿ ಹೆದರಿಸಿ ಅಂದರು ಅಲ್ಲಿನ ಕಾನೂನು ಪಂಡಿತರು. ತೋರಿಸಿದರು. ಅವಳು ಜಗ್ಗಲಿಲ್ಲ.

ನನಗಿರುವುದು ಮಂಡಿ ಆಪರೇಷನ್, ಪುಟ್ಟಿ.

ಆದರೂ ಅವಳು ತಲೆಯಿಂದ ಹೋಗುತ್ತಿಲ್ಲ. 1577ರಲ್ಲಿ ಬಾಲಚುಕ್ಕಿ ಬಂದಾಗ, ಆರು ತುಂಬದ ಮಗನನ್ನು ಎತ್ತರದ ಜಾಗಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದು ಇವಳೇ. ಅದು ಕಂಡರೆ ಕೇಡು ಅಂತ ಜನ ನಂಬಿದ್ದ ಕಾಲ. ಸಿಡುಬು ಬಂದು ಹುಡುಗನ ಕಣ್ಣು ಬೇರೆ ಮಂಜು. ಅವನಿಗೆ ಏನು ಕಾಣಿಸಿತೋ! ಇವಳು ಬೆರಳು ಮಾಡಿ ತೋರಿಸಿರಬೇಕು, ಅವನು ಕಂಡಿತು ಅಂದಿರಬೇಕು. ಕಂಡಿರಲಿಕ್ಕಿಲ್ಲ, ಅಮ್ಮನಿಗೆ ಬೇಜಾರಾಗದಿರಲಿ ಅಂತ ಹೇಳಿರಬಹುದು, ಅಲ್ವಾ? ನಮ್ಮ ತಾರಸಿಯ ವಿಷಯ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ಮತ್ತೆ, ಅವನೇನೂ ಎಲ್ಲ ಬಿಟ್ಟು ಹೋಗಲಿಲ್ಲ. 1617ರಲ್ಲಿ ಅಮ್ಮನ ಕೇಸಿಗೆ ಹೊರಟಾಗಲೂ ಗೆಲಿಲಿಯೊನ ಅಪ್ಪ ಸಂಗೀತದ ಮೇಲೆ ಬರೆದ ಪುಸ್ತಕ ಓದುತ್ತಾ ಹೋದ. ಮರುವರ್ಷ ಫೆಬ್ರವರಿಯಲ್ಲಿ ಹಸುಗೂಸು ಮಗಳು ತೀರಿಕೊಂಡಳು. ಅವಳ ಹೆಸರೂ ಕಟರೀನಾ. ಮೇ 15ಕ್ಕೆ ಅವನ ಮೂರನೇ ನಿಯಮ ಕೈಗೆ ಸಿಕ್ಕಿತು: ಭೂಮಿಯ ದೂರವನ್ನೂ ವರ್ಷವನ್ನೂ ಒಂದು ಅಂತ ಇಟ್ಟುಕೊಂಡರೆ, ಸೂರ್ಯನಿಂದ ಗ್ರಹದ ದೂರದ ಘನವೂ ಅದು ಒಂದು ಸುತ್ತು ಹಾಕುವ ಕಾಲದ ವರ್ಗವೂ ಸಮ. ಅದನ್ನು ಸ್ಕ್ಯಾನಿಂಗ್ ಬಿಲ್ಲಿನ ಹಿಂದೆ ಲೆಕ್ಕ ಮಾಡಿ ನೋಡಿದೆ. ಸೂರ್ಯನಿಂದ ಗುರುಗ್ರಹದ ದೂರ ನಮ್ಮದರ 5.2 ಪಟ್ಟು, ಅದರ ಘನ 140.6. ಒಂದು ಸುತ್ತಿಗೆ 11.86 ವರ್ಷ, ಅದರ ವರ್ಗವೂ ಹೆಚ್ಚುಕಮ್ಮಿ ಅಷ್ಟೇ! ಲೆಕ್ಕದ ಟೀಚರಾಗಿ ರಿಟೈರಾದವಳಿಗೂ ಮೈ ಜುಮ್ಮೆಂದಿತು. ನನ್ನ ಮಗಳು ಇದನ್ನೇ ಓದಲು ಹೊರಟಿದ್ದಾಳೆ ಅಂತ ಪಕ್ಕದಲ್ಲಿ ಕೂತಿದ್ದವರಿಗೆಲ್ಲ ಹೇಳಿದೆ.

ಅಲ್ಲಿ ಹೋದ ಮೇಲೆ ಇನ್ನೊಂದು ಜೊತೆ ಕನ್ನಡಕ ಇಟ್ಟುಕೋ. ಗೈಡ್ ಹೇಳಿದ್ದಕ್ಕೆಲ್ಲ ಸುಮ್ನೆ ತಲೆ ಆಡಿಸಬೇಡ. ಆಕಾಶ ಅಳೆದಿಟ್ಟ ಟೈಕೊ ಬ್ರಾಹೆಯ ಅಳತೆಗೂ ತನ್ನ ಲೆಕ್ಕಕ್ಕೂ ಡಿಗ್ರಿಯ 60ರಲ್ಲಿ 8 ಪಾಲಿನಷ್ಟು ವ್ಯತ್ಯಾಸ ಬಂತು ಅಂತ, ವರ್ಷಗಟ್ಟಲೆ ಮಾಡಿದ್ದನ್ನು ಬದಿಗಿಟ್ಟವನು ಕೆಪ್ಲರ್. ದುಡ್ಡಿನ ವಿಷಯ ಬಾಯಿ ಬಿಟ್ಟು ಕೇಳು. ಚಕ್ರವರ್ತಿಯ ಗಣಿತಜ್ಞನಾಗಿದ್ದೂ ಬಾಕಿ ಸಂಬಳಕ್ಕೆ ಕೊನೆಯವರೆಗೂ ಅಲೆದ. 1630ರಲ್ಲಿ ಹಾಗೆ ದುಡ್ಡಿಗಾಗಿ ಹೊರಟವನು ರೆಗೆನ್ಸ್‌ಬರ್ಗಿನಲ್ಲಿ ತೀರಿಕೊಂಡ. ಊಟ ಬಿಡಬೇಡ. ನೋಡು, ಪಾಠ ಶುರುವಾಯಿತು.

ಕಟರೀನಾ ಬಿಡುಗಡೆಯಾದ ಆರು ತಿಂಗಳಿಗೆ ಹೋಗಿಬಿಟ್ಟಳು. ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ನಿನಗೆ ಹೇಗೂ ಗೊತ್ತು, ಅದಕ್ಕೇ ನೀನು ನಿನ್ನೆ ಅತ್ತಿದ್ದು.

ಶಿವಮೊಗ್ಗದಿಂದ ಚಿಕ್ಕಮ್ಮ ಬರುತ್ತಾಳೆ. ಆಪರೇಷನ್ ಬೆಳಿಗ್ಗೆ ಹತ್ತಕ್ಕೆ. ಆಗ ಅಲ್ಲಿ ಎಷ್ಟು ಗಂಟೆ ಅಂತ ಅಪ್ಪನಿಗೆ ಬರೆದುಕೊಟ್ಟು ಹೋಗು, ಇಲ್ಲದಿದ್ದರೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡಿ ನಿನ್ನನ್ನು ಗಾಬರಿ ಬೀಳಿಸುತ್ತಾರೆ.

ಅಮ್ಮ