ಮಗಳಿಗೊಂದು ಪತ್ರ: ರಿಮೋಟ್ ನಿನ್ನ ಕೈಲೇ ಇರಲಿ

ಪ್ರೀತಿಯ ಪುಟ್ಟಿ,

ನೀನು ಏಳುವ ಹೊತ್ತಿಗೆ ನಾನು ಕೆಲಸಕ್ಕೆ ಹೊರಟಿರುತ್ತೇನೆ. ನಿನ್ನ ವಿಮಾನ ಮೇಜಿನ ಮೇಲಿದೆ. ಎಡ ರೆಕ್ಕೆ ಮುರಿದಿದ್ದ ಕಡೆ ಒಳಗೆ ಕಾರ್ಬನ್ ಕಡ್ಡಿ ಕೂರಿಸಿ ಎಪಾಕ್ಸಿ ಹಾಕಿದ್ದೇನೆ. ಬಾಲದ ಹತ್ತಿರ ಬಿರುಕು ಬಿಟ್ಟಿತ್ತಲ್ಲ, ಅಲ್ಲಿಗೂ ಅಂಟು ತುಂಬಿದ್ದೇನೆ. ಸಂಜೆವರೆಗೂ ಮುಟ್ಟಬೇಡ, ಪೂರ್ತಿ ಗಟ್ಟಿಯಾಗಲಿ.

ಭಾನುವಾರದ ವಿಷಯ ನಿನ್ನ ಮುಖ ನೋಡಿಕೊಂಡು ಹೇಳಲು ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಅವತ್ತು ವಿಮಾನ ಬೀಳಿಸಿದ್ದು ನಾನು.

ನೀನು ಮೂರು ಸುತ್ತು ಚೆನ್ನಾಗಿ ಹಾರಿಸಿದ್ದೆ. ನಾಲ್ಕನೇ ಸುತ್ತಿನಲ್ಲಿ ಅದು ತಿರುಗಿ ನೇರವಾಗಿ ನಮ್ಮ ಕಡೆಗೇ ಬಂತು. ನಮ್ಮ ಬಲಗಡೆ ಕಾಣುತ್ತಿದ್ದ ರೆಕ್ಕೆ ವಾಲಿತು. ನನ್ನ ಎದೆ ಧಸಕ್ಕೆಂದಿತು. ‘ಎಡಕ್ಕೆ, ಎಡಕ್ಕೆ’ ಅಂತ ಕೂಗಿ ನಿನ್ನ ಕೈಯಿಂದ ರಿಮೋಟ್ ಕಿತ್ತುಕೊಂಡೆ.

ರಾತ್ರಿ ಮಲಗಿದರೆ ಅದೇ ಕಣ್ಣ ಮುಂದೆ ಬರುತ್ತಿತ್ತು. ನಾನು ಕಿತ್ತುಕೊಂಡಾಗ ನಿನ್ನ ಹೆಬ್ಬೆರಳು ಸ್ಟಿಕ್ಕನ್ನು ಬಲಕ್ಕೆ ತಳ್ಳುತ್ತಿತ್ತು. ಅದೇ ಸರಿ! ವಿಮಾನ ನಮ್ಮ ಕಡೆ ಬರುವಾಗ ಅದರ ಎಡ ನಮಗೆ ಬಲ. ವಾಲಿದ್ದು ಅದರ ಎಡ ರೆಕ್ಕೆ, ನೀನೇ ಅಡಿಯಲ್ಲಿ ಕೆಂಪು ಪಟ್ಟಿ ಅಂಟಿಸಿದ್ದ ರೆಕ್ಕೆ. ಅದು ಏಳಬೇಕಾದರೆ ವಿಮಾನ ತನ್ನ ಬಲಕ್ಕೆ ಉರುಳಬೇಕು. ಎಷ್ಟೋ ಜನ ಇಲ್ಲೇ ತಪ್ಪುತ್ತಾರೆ. ನಾನು ನಿನಗೆ ಹೇಳಿಕೊಟ್ಟಿದ್ದೂ ಇದನ್ನೇ: ಎದುರಿಗೆ ಬರುವಾಗ ಯಾವ ಕಡೆ ರೆಕ್ಕೆ ಕೆಳಗೆ ಕಾಣುತ್ತದೋ ಆ ಕಡೆಗೇ ಸ್ಟಿಕ್ ತಳ್ಳು, ಬೀಳುವ ರೆಕ್ಕೆಗೆ ಊರುಗೋಲು ಕೊಟ್ಟ ಹಾಗೆ. ಹೇಳಿಕೊಟ್ಟವಳು ಮರೆತೆ, ಕಲಿತವಳು ಮರೆಯಲಿಲ್ಲ.

ಕಿತ್ತುಕೊಂಡಾಗ ಇನ್ನೊಂದು ಆಯಿತು. ನೀನು ಬಿಟ್ಟ ತಕ್ಷಣ ಬಲಗಡೆಯ ಸ್ಟಿಕ್ ಸ್ಪ್ರಿಂಗಿನಿಂದ ನಡುವಿಗೆ ಬಂದು ನಿಂತಿತು. ಎಡಗಡೆಯ ಥ್ರಾಟಲ್‌ಗೆ, ಅಂದರೆ ಮೋಟರಿನ ವೇಗ ಏರಿಸಿ ಇಳಿಸುವ ಸ್ಟಿಕ್ಕಿಗೆ, ಸ್ಪ್ರಿಂಗ್ ಇಲ್ಲ, ಬಿಟ್ಟ ಕಡೆ ನಿಲ್ಲುತ್ತದೆ. ಅದಕ್ಕೆ ನನ್ನ ಬೆರಳು ತಾಗಿ ಕೆಳಗಿಳಿಯಿತು. ಮೋಟರ್ ಸದ್ದು ಕುಗ್ಗಿದ್ದು ನಿನಗೂ ಕೇಳಿಸಿತು, ಅಲ್ವಾ? ಬಿದ್ದೇಬಿಡುತ್ತದೆ ಅನ್ನೋ ಭಯದಲ್ಲಿ ನಾನು ಎಲೆವೇಟರ್, ಅಂದರೆ ಮೂತಿ ಏರಿಸಿ ಇಳಿಸುವ ಬಾಲದ ಅಂಚು, ಮೇಲೇಳುವಂತೆ ಸ್ಟಿಕ್ ಎಳೆದೆ. ವೇಗ ಇಲ್ಲದೆ ಮೂತಿ ಎತ್ತಿದರೆ ಗಾಳಿ ರೆಕ್ಕೆಯ ಮೇಲ್ಮೈಯನ್ನು ಬಿಟ್ಟುಬಿಡುತ್ತದೆ. ರೆಕ್ಕೆ ಎತ್ತುವುದನ್ನೇ ನಿಲ್ಲಿಸುತ್ತದೆ. ಒಂದು ಪಕ್ಕ ಜಾರಿ ಮೂತಿ ಕೆಳಗಾಗಿ ಬಂತು. ಇನ್ನೂ ಹತ್ತು ಮೀಟರ್ ಎತ್ತರ ಇದ್ದಿದ್ದರೆ ವೇಗ ಕೂಡಿಸಿಕೊಂಡು ಎತ್ತಬಹುದಿತ್ತು. ಇರಲಿಲ್ಲ. ನೀನು ಏನೂ ಮಾತಾಡದೆ ತುಂಡುಗಳನ್ನು ಆರಿಸಿಕೊಂಡೆ. ನಾನು ಆಗಲೇ ತಪ್ಪು ಒಪ್ಪಿಕೊಳ್ಳಬೇಕಿತ್ತು. ಕ್ಷಮಿಸು ಪುಟ್ಟಿ.

ಈಗ ವಿಮಾನದ ಮಾತು. ಬಾಲಕ್ಕೆ ಅಂಟು ಸ್ವಲ್ಪ ಜಾಸ್ತಿಯೇ ಹೋಯಿತು. ಬಾಲ ರೆಕ್ಕೆಯಿಂದ ದೂರ ಇರುವುದರಿಂದ ಅಲ್ಲಿ ಕೂಡಿದ ಒಂದೊಂದು ಗ್ರಾಂಗೂ ಮೂತಿಯಲ್ಲಿ ಎರಡು ಮೂರು ಗ್ರಾಂ ಬೇಕು. ರೆಕ್ಕೆಯ ಅಗಲ 20 ಸೆಂಟಿಮೀಟರ್ ಇದೆ. ಮುಂಚೂಣಿ ಅಂಚಿನಿಂದ 5 ಸೆಂಟಿಮೀಟರ್ ಹಿಂದೆ, ಅಂದರೆ ಅಗಲದ ಕಾಲು ಭಾಗಕ್ಕೆ, ಎರಡೂ ಕಡೆ ಪೆನ್ಸಿಲ್ ಗುರುತು ಹಾಕಿದ್ದೇನೆ. ಬ್ಯಾಟರಿ ಒಳಗಿಟ್ಟು, ಆ ಗುರುತಿನ ಕೆಳಗೆ ಎರಡು ಬೆರಳ ತುದಿ ಕೊಟ್ಟು ಮೆಲ್ಲಗೆ ಎತ್ತು. ಮೂತಿ ಒಂಚೂರು ಬಾಗಬೇಕು. ನಾನು ನೋಡಿದಾಗ ಬಾಲವೇ ಬಾಗಿತು. ಬ್ಯಾಟರಿಯನ್ನು ಮುಂದಕ್ಕೆ ಸರಿಸು, ಸಾಲದಿದ್ದರೆ ಮೂತಿಯೊಳಗೆ ಸೀಸದ ತುಣುಕು ಅಂಟಿಸೋಣ. ಮೂತಿ ಭಾರವಾದ ವಿಮಾನ ಸೋಮಾರಿಯಾಗಿ ಹಾರುತ್ತದೆ, ಆದರೆ ಮಾತು ಕೇಳುತ್ತದೆ. ಬಾಲ ಭಾರವಾದದ್ದು ಯಾರ ಮಾತೂ ಕೇಳುವುದಿಲ್ಲ.

ರೆಕ್ಕೆ, ಬಾಲದ ಅಂಚುಗಳನ್ನು ಆಡಿಸುವ ಪುಟ್ಟ ಸರ್ವೋ ಮೋಟರುಗಳ ತಂತಿಗಳನ್ನೂ ಬಿಚ್ಚಿ ಹಾಕಿದ್ದೇನೆ, ಅದಕ್ಕೇ ನೀನೇ ಒಂದು ಸಲ ನೋಡಬೇಕು. ವಿಮಾನದ ಹಿಂದೆ ನಿಂತು ಸ್ಟಿಕ್ ಬಲಕ್ಕೆ ತಳ್ಳಿದರೆ ಬಲಗಡೆಯ ಐಲರಾನ್, ಅಂದರೆ ರೆಕ್ಕೆಯ ಹಿಂದಿನ ಆಡುವ ಅಂಚು, ಮೇಲೇಳಬೇಕು. ನಿನ್ನ ಕಡೆಗೆ ಎಳೆದರೆ ಎಲೆವೇಟರ್ ಮೇಲೇಳಬೇಕು. ಪ್ರೊಪೆಲ್ಲರ್ ಬಿಚ್ಚಿ ಡಬ್ಬಿಯಲ್ಲಿಟ್ಟಿದ್ದೇನೆ, ಮನೆಯೊಳಗೆ ಹಾಕಲೇಬೇಡ. ಮೊದಲು ರಿಮೋಟ್ ಆನ್, ಆಮೇಲೆ ಬ್ಯಾಟರಿ. ತೆಗೆಯುವಾಗ ಉಲ್ಟಾ.

ಬಿದ್ದಾಗ ಒಳಗಿದ್ದ ಬ್ಯಾಟರಿ ಉಬ್ಬಿದೆ. ಅದನ್ನು ಹೊರಗೆ ಮರಳಿನ ಬಕೆಟ್ಟಿನಲ್ಲಿಟ್ಟಿದ್ದೇನೆ. ಸ್ವಲ್ಪವೇ ತಾನೇ ಉಬ್ಬಿದ್ದು ಅಂತ ಚಾರ್ಜಿಗೆ ಹಾಕಬೇಡ. ಇನ್ನೊಂದನ್ನು ಬಳಸು.

ಮೇನಾರ್ಡ್ ಹಿಲ್ ಅನ್ನೋ ಅಮೆರಿಕದ ಅಜ್ಜನ ಕತೆ ನಿನಗೆ ಹೇಳಿಲ್ಲ. ಅವರು ಬಾಲ್ಸಾ ಮರದಲ್ಲಿ ಮಾಡಿದ ಪುಟ್ಟ ವಿಮಾನ 2003ರ ಆಗಸ್ಟಿನಲ್ಲಿ ಅಟ್ಲಾಂಟಿಕ್ ಸಾಗರ ದಾಟಿತು. ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಿಂದ ಐರ್ಲೆಂಡಿಗೆ, ಸುಮಾರು 3,000 ಕಿಲೋಮೀಟರ್. ಹಾರಿದ್ದು ಸುಮಾರು 39 ಗಂಟೆ. ಇಂಧನ ತುಂಬಿದ ಮೇಲೂ ಅದರ ತೂಕ 5 ಕಿಲೋ ದಾಟಿರಲಿಲ್ಲ. ಅದಕ್ಕೆ ಮುಂಚೆ ಕಳಿಸಿದವು ಯಾವುವೂ ಆಚೆ ದಡ ಸೇರಿರಲಿಲ್ಲ. ಆಗ ಹಿಲ್‌ಗೆ 77 ವರ್ಷ, ಕಣ್ಣು ಬಹಳ ಮಂದವಾಗಿತ್ತು. ವರ್ಷಗಟ್ಟಲೆ ಕೂತು ಕಟ್ಟಿದ ವಿಮಾನವನ್ನು ತಮ್ಮ ಕೈಯಿಂದಲೇ ಎಸೆದರು. ರಿಮೋಟ್ ಮಾತ್ರ ಬೇರೆಯವರ ಕೈಲಿತ್ತು. ಸಮುದ್ರದ ಮೇಲೆ ಆಟೋಪೈಲಟ್ ನಡೆಸಿತು, ಆಚೆ ದಡದಲ್ಲಿ ಮತ್ತೊಬ್ಬರು ಇಳಿಸಿದರು. ನಿನ್ನೆ ರೆಕ್ಕೆಗೆ ಅಂಟು ಹಚ್ಚುವಾಗ ಆ ಎಸೆತವೇ ನೆನಪಾಗುತ್ತಿತ್ತು.

ನಿನಗೆ ಧೈರ್ಯ ಸಾಲದು ಅನಿಸಿದರೆ ಎರಡು ರಿಮೋಟ್‌ಗಳನ್ನು ಜೋಡಿಸಬಹುದು. ನನ್ನದರಲ್ಲಿ ಒಂದು ಸ್ವಿಚ್ ಒತ್ತಿ ಹಿಡಿದಷ್ಟು ಹೊತ್ತು ವಿಮಾನ ನಿನ್ನದು, ಬಿಟ್ಟರೆ ನನಗೆ ಬರುತ್ತದೆ. ಕಿತ್ತಾಟವೇ ಇರುವುದಿಲ್ಲ. ಆದರೆ ಅದನ್ನು ನೀನು ಕೇಳಿದರೆ ಮಾತ್ರ ತರುತ್ತೇನೆ.

ಕೇಳದಿದ್ದರೆ ಈ ಭಾನುವಾರ ಹೀಗೆ ಮಾಡೋಣ. ಗಾಳಿ ಬರುವ ದಿಕ್ಕಿಗೆ ಮುಖ ಮಾಡಿ ನಾನು ವಿಮಾನ ಹಿಡಿದುಕೊಳ್ಳುತ್ತೇನೆ. ನೀನು ಥ್ರಾಟಲ್ ಏರಿಸಿ ‘ಹೂಂ’ ಅನ್ನು. ಮೂತಿ ಮೇಲೆತ್ತದೆ, ನೆಲಕ್ಕೆ ಸಮನಾಗಿ ಎಸೆಯುತ್ತೇನೆ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ನಿನಗಿಂತ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ನಿನ್ನ
ಅಮ್ಮ